ಓಟ್ಸ್ ಗಂಟಲಲ್ಲಿ ಇಳಿಯುತ್ತಿಲ್ಲವಾ? ಅವಲಕ್ಕಿ ಮಾಡಿದ ಹಾಗೆ ಮಾಡಿ ನೋಡಿ

[ಅಡುಗೆಮನೆ. ಕೈಯಲ್ಲಿ ಬಟ್ಟಲು. ಚಮಚ ಎತ್ತಿದರೆ ಓಟ್ಸ್ ಗಂಜಿ ಎಳೆಎಳೆಯಾಗಿ ಇಳಿಯುತ್ತದೆ.]

ನೋಡಿ ಇದನ್ನ. ಇದನ್ನ ಮೊದಲ ಸಲ ಮಾಡಿದಾಗ ನಮ್ಮ ಅಮ್ಮ ಪಾತ್ರೆಯೊಳಗೆ ಬಗ್ಗಿ ನೋಡಿ ಕೇಳಿದ್ದು ಒಂದೇ ಮಾತು: "ಏನೋ ಇದು, ಸಿನಿಮಾ ಪೋಸ್ಟರ್ ಅಂಟಿಸೋಕೆ ಹೊರಟಿದ್ದೀಯಾ?"

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದರು: "ಸರ್, ಡಾಕ್ಟರ್ ಬೆಳಿಗ್ಗೆ ಓಟ್ಸ್ ತಿನ್ನಿ ಅಂದಿದ್ದಾರೆ. ಮೂರು ದಿನ ತಿಂದೆ. ನಾಲ್ಕನೇ ದಿನದಿಂದ ಡಬ್ಬಿ ನೋಡಿದರೇ ಹೊಟ್ಟೆ ತೊಳಸುತ್ತೆ. ಇದನ್ನ ಇಷ್ಟಪಡೋದು ಹೇಗೆ? ಇಲ್ಲಾಂದ್ರೆ ಬದಲಿಗೆ ಏನು ತಿನ್ನಲಿ?" ಅದಕ್ಕೆ ಅರವತ್ತು ಲೈಕು. ಅಂದರೆ ಹೊಟ್ಟೆ ತೊಳಸುತ್ತಿರುವುದು ಒಬ್ಬರಿಗೆ ಮಾತ್ರ ಅಲ್ಲ.

ನಾರು ಒಳ್ಳೆಯದು, ಇಡೀ ಕಾಳು ಒಳ್ಳೆಯದು, ಇದೆಲ್ಲ ನಿಮಗೆ ಗೊತ್ತು. ಅದನ್ನ ಬಿಟ್ಟು ಮುಂದೆ ಹೋಗೋಣ. ನನ್ನ ತಲೆ ತಿಂದ ಪ್ರಶ್ನೆ ಬೇರೆ. ಈ ಲೋಳೆ ಎಲ್ಲಿಂದ ಬರುತ್ತದೆ?

[ತೆರೆಯ ಮೇಲೆ: ಬೀಟಾ ಗ್ಲೂಕನ್]

ಓಟ್ಸಿನಲ್ಲಿ ಬೀಟಾ ಗ್ಲೂಕನ್ ಅನ್ನುವ ನಾರು ಇದೆ. ನೀರು ಬಿದ್ದರೆ ಉಬ್ಬಿ ಲೋಳೆಯಾಗುತ್ತದೆ. ಕರುಳಿನಲ್ಲೂ ಹಾಗೇ. ಆ ಲೋಳೆ ಅಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಪಿತ್ತ ಕಡಿಮೆಯಾಯಿತು ಅಂತ ಯಕೃತ್ತು ಹೊಸದಾಗಿ ತಯಾರಿಸಲು ಕೂರುತ್ತದೆ. ಅದಕ್ಕೆ ಬೇಕಾದ ಕಚ್ಚಾ ಸಾಮಾನು ಕೊಲೆಸ್ಟ್ರಾಲ್. ಅದನ್ನ ರಕ್ತದಿಂದ ಎಳೆದುಕೊಳ್ಳುತ್ತದೆ. ಅಷ್ಟೇ ಕಥೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಓಟ್ಸ್ ಪೊಟ್ಟಣದ ಮೇಲೆ ಹೃದಯಕ್ಕೆ ಒಳ್ಳೆಯದು ಅಂತ ಬರೆದುಕೊಳ್ಳಲು ಒಪ್ಪಿಗೆ ಕೊಟ್ಟಿದ್ದು ಈ ನಾರಿಗಾಗಿಯೇ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಬೇಕು ಅನ್ನುವುದು ಅದರ ಲೆಕ್ಕ. ಅಷ್ಟು ಸಿಗಬೇಕಾದರೆ ಸುಮಾರು 75 ಗ್ರಾಂ ಒಣ ಓಟ್ಸ್ ತಿನ್ನಬೇಕು. ಹಾಲಿನ ಲೋಟದಲ್ಲಿ ಎರಡು ಚಮಚ ತೇಲಿಬಿಟ್ಟು "ನಾನು ದಿನಾ ಓಟ್ಸ್ ತಿಂತೀನಿ" ಅನ್ನುವವರು ಸ್ವಲ್ಪ ಕೇಳಿಸಿಕೊಳ್ಳಿ.

ನಮಗೆ ಯಾವುದು ಅಸಹ್ಯವೋ ಮದ್ದು ಅದೇ. ಲೋಳೆ ಬೇಡ ಅಂದರೆ ಓಟ್ಸ್ ತಿಂದೂ ಪ್ರಯೋಜನ ಇಲ್ಲ. ಹಾಗಂತ ಆ ಲೋಳೆ ಬಾಯಲ್ಲೇ ಆಗಬೇಕು ಅಂತ ಎಲ್ಲಿದೆ? ಹೊಟ್ಟೆಗೆ ಹೋದ ಮೇಲೆ ಆದರೆ ಸಾಕಲ್ವಾ?

ಇಲ್ಲಿಂದ ನನಗೆ ಬಲು ಇಷ್ಟವಾದ ಭಾಗ. ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಮೊದಲೇ ಕ್ಷಮಿಸಿ.

[ಎರಡು ತಟ್ಟೆ. ಒಂದರಲ್ಲಿ ಗಟ್ಟಿ ಅವಲಕ್ಕಿ, ಇನ್ನೊಂದರಲ್ಲಿ ಓಟ್ಸ್. ಕ್ಯಾಮೆರಾ ತೀರಾ ಹತ್ತಿರ.]

ಎರಡನ್ನೂ ನೋಡಿ. ಅವಲಕ್ಕಿ ಹೇಗೆ ಮಾಡುತ್ತಾರೆ? ಭತ್ತ ನೆನೆಸಿ, ಹುರಿದು, ಬಿಸಿ ಆರುವ ಮೊದಲೇ ಒತ್ತಿ ಚಪ್ಪಟೆ ಮಾಡುತ್ತಾರೆ. ಮೊದಲು ಒನಕೆ, ಈಗ ಮಿಲ್ಲು. ಓಟ್ಸ್ ಹೇಗೆ ಮಾಡುತ್ತಾರೆ? ಕಾಳಿನ ಹೊಟ್ಟು ತೆಗೆದು, ಹಬೆ ಹಾಯಿಸಿ, ಎರಡು ಉರುಳೆಗಳ ನಡುವೆ ಒತ್ತಿ ಚಪ್ಪಟೆ ಮಾಡುತ್ತಾರೆ. ಅಂದರೆ ನಾವು ತರುವ ಡಬ್ಬಿಯಲ್ಲಿ ಇರುವುದು ಓಟ್ಸಿನ ಅವಲಕ್ಕಿ! ಗಟ್ಟಿ ಅವಲಕ್ಕಿ, ತೆಳು ಅವಲಕ್ಕಿ ಇದ್ದ ಹಾಗೆ ಅದರಲ್ಲೂ ರೋಲ್ಡ್ ಓಟ್ಸ್ ಗಟ್ಟಿ, ಇನ್‌ಸ್ಟಂಟ್ ಓಟ್ಸ್ ತೆಳು. ಸ್ಟೀಲ್ ಕಟ್ ಅಂತ ದುಬಾರಿ ಬೆಲೆಗೆ ಮಾರುತ್ತಾರಲ್ಲ, ಅದು ಓಟ್ಸಿನ ನುಚ್ಚು. ಅಷ್ಟೇ.

ಹಬೆ ಯಾಕೆ ಹಾಯಿಸುತ್ತಾರೆ ಅನ್ನುವುದು ಇನ್ನೂ ಮಜವಾಗಿದೆ. ಓಟ್ಸಿನಲ್ಲಿ ನೂರು ಗ್ರಾಂಗೆ ಸುಮಾರು 7 ಗ್ರಾಂ ಕೊಬ್ಬಿದೆ. ಅಕ್ಕಿಗಿಂತ ಎಷ್ಟೋ ಜಾಸ್ತಿ. ಕಾಳಿಗೆ ಏಟು ಬಿದ್ದ ಕೂಡಲೇ ಅದರೊಳಗಿನ ಲೈಪೇಸ್ ಅನ್ನುವ ಕಿಣ್ವ ಆ ಕೊಬ್ಬನ್ನು ಒಡೆಯಲು ಶುರು ಮಾಡುತ್ತದೆ. ಕೆಲವೇ ದಿನಕ್ಕೆ ಕಹಿ. ಹಬೆ ಹಾಯಿಸಿದರೆ ಆ ಕಿಣ್ವ ಸಾಯುತ್ತದೆ. ಉತ್ತರ ಕರ್ನಾಟಕದವರಿಗೆ ಇದನ್ನ ನಾನು ಹೇಳಿಕೊಡಬೇಕಾಗಿಲ್ಲ. ಸಜ್ಜೆ ಹಿಟ್ಟು ಬೀಸಿಸಿ ಇಟ್ಟರೆ ಏನಾಗುತ್ತದೆ? ಕಹಿಯಾಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ. ಅಲ್ಲೂ ಇದೇ ಕಿಣ್ವದ ಕಿತಾಪತಿ.

ಸರಿ, ಈಗ ಹೇಳಿ. ಅವಲಕ್ಕಿಯನ್ನು ಹಾಲಿಗೆ ಸುರಿದು, ಹತ್ತು ನಿಮಿಷ ಕುದಿಸಿ, ಸೌಟಿನಲ್ಲಿ ತಿರುವುತ್ತಾ ನಿಲ್ಲುವವರು ಯಾರಾದರೂ ಇದ್ದಾರಾ? ಹಾಗೆ ಮಾಡಿ ಬಡಿಸಿದರೆ ಅದೂ ಪೋಸ್ಟರ್ ಅಂಟೇ. ಓಟ್ಸಿಗೆ ಮಾತ್ರ ಯಾಕೆ ಈ ಶಿಕ್ಷೆ? ಪೊಟ್ಟಣದ ಹಿಂದೆ ಬರೆದಿದ್ದಾರೆ ಅಂತ! ಮೊದಲೇ ಅರ್ಧ ಬೆಂದು ಬಂದಿದೆ, ಅದಕ್ಕೆ ನೀರು ಕಡಿಮೆ ಸಾಕು. ಜಾಸ್ತಿ ನೀರು, ಜಾಸ್ತಿ ಹೊತ್ತು, ಜಾಸ್ತಿ ತಿರುವುವುದು. ಲೋಳೆ ಹೊರಗೆ ಬರುವುದು ಈ ಮೂರರಿಂದ.

ನಾನು ಮಾಡಿದ್ದು ಹೀಗೆ. ರೋಲ್ಡ್ ಓಟ್ಸ್, ಇನ್‌ಸ್ಟಂಟ್ ಬೇಡ. ಬಾಣಲೆಯಲ್ಲಿ ಎಣ್ಣೆ ಹಾಕದೆ ನಾಲ್ಕೈದು ನಿಮಿಷ ಹುರಿಯಿರಿ. ಘಮ ಬರಬೇಕು, ಕೈಯಲ್ಲಿ ಮುರಿದರೆ ಪುಟ್ ಅನ್ನಬೇಕು. ತೆಗೆದಿಡಿ. ಒಗ್ಗರಣೆಗೆ ಸಾಸಿವೆ, ಕಡಲೆಬೇಳೆ, ಕಡಲೆಬೀಜ, ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿ, ಅರಿಸಿನ. ಒಂದು ಲೋಟ ಓಟ್ಸಿಗೆ ಮುಕ್ಕಾಲು ಲೋಟ ನೀರು. ಉಪ್ಪು ಹಾಕಿ ಕುದಿ ಬಂದ ಮೇಲೆ ಓಟ್ಸ್ ಸುರಿದು ಒಂದೇ ಒಂದು ಸಲ ಕೈಯಾಡಿಸಿ ಮುಚ್ಚಿ. ಉರಿ ಸಣ್ಣ, ಮೂರು ನಿಮಿಷ. ಮಧ್ಯೆ ಮುಚ್ಚಳ ತೆಗೆದು ಕೆದಕುವ ಚಟ ಇದ್ದರೆ ಅಡುಗೆಮನೆಯಿಂದ ಆಚೆ ಹೋಗಿ ನಿಂತುಕೊಳ್ಳಿ. ಆಮೇಲೆ ನಿಂಬೆರಸ, ತೆಂಗಿನತುರಿ. ಉದುರುದುರಾಗಿ ಬರುತ್ತದೆ. ನಾರು ಎಲ್ಲೂ ಹೋಗಿರುವುದಿಲ್ಲ, ಕಾಳಿನೊಳಗೇ ಇರುತ್ತದೆ.

ಅಮ್ಮನಿಗೆ ಏನೂ ಹೇಳದೆ ತಟ್ಟೆಗೆ ಹಾಕಿಕೊಟ್ಟೆ. ಪೂರ್ತಿ ತಿಂದರು. ಆಮೇಲೆ ವಿಷಯ ಹೇಳಿದೆ. "ಚೆನ್ನಾಗಿದೆ," ಅಂದರು. "ಆದ್ರೆ ಇಷ್ಟೆಲ್ಲ ಮಾಡೋ ಬದಲು ಅವಲಕ್ಕಿನೇ ಮಾಡಬಹುದಿತ್ತಲ್ಲೋ."

ಖಾರ, ಉಪ್ಪು ಹಾಕಿದರೆ ಓಟ್ಸಿಗೆ ಅವಮಾನ ಅಂತ ಕೆಲವರು ಬರೆಯುತ್ತಾರೆ. ಓಟ್ಸ್ ಉಂಡು ಬೆಳೆದ ಸ್ಕಾಟ್ಲೆಂಡಿನವರ ಹತ್ತಿರ ಹೋಗೋಣ ಬನ್ನಿ. ಅಲ್ಲಿ ಕಾರ್‌ಬ್ರಿಜ್ ಅನ್ನುವ ಹಳ್ಳಿಯಲ್ಲಿ 1994ರಲ್ಲಿ ಗಂಜಿ ಮಾಡುವ ಸ್ಪರ್ಧೆ ಶುರುವಾಯಿತು. ವಿಶ್ವ ಚಾಂಪಿಯನ್‌ಶಿಪ್ ಸ್ವಾಮಿ, ತಮಾಷೆಯಲ್ಲ! ಸಾಂಪ್ರದಾಯಿಕ ವಿಭಾಗದಲ್ಲಿ ಹಾಕಬಹುದಾದದ್ದು ಮೂರೇ: ಓಟ್ಸ್, ನೀರು, ಉಪ್ಪು. ಸಕ್ಕರೆ ಇಲ್ಲ, ಜೇನು ಇಲ್ಲ, ಬಾಳೆಹಣ್ಣೂ ಇಲ್ಲ. ಗೆದ್ದವರಿಗೆ ಕೊಡುವುದು ಗೋಲ್ಡನ್ ಸ್ಪರ್ಟಲ್. ಸ್ಪರ್ಟಲ್ ಅಂದರೆ ಗಂಜಿ ಗಂಟಾಗದ ಹಾಗೆ ತಿರುವುವ ಮರದ ಕೋಲು. ಹಾಸನ, ಮಂಡ್ಯ ಕಡೆಯವರು ಈಗ ನಗುತ್ತಿರುತ್ತೀರಿ. ಹೌದು, ನಮ್ಮ ಮುದ್ದೆ ಕೋಲಿಗೆ ದೂರದ ತಮ್ಮ!

[ಗಡಿಯಾರದ ಸದ್ದು]

ಎಡಿಟ್ ಮಾಡುವ ಹುಡುಗ ಆಗಲೇ ಕೈ ತೋರಿಸುತ್ತಿದ್ದಾನೆ. ಬೇಗ ಬೇಗ ಹೇಳುತ್ತೇನೆ.

ನಾಲಗೆ ಪಳಗಿಸುವುದು. ರಾಬರ್ಟ್ ಜಾಯನ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1968ರಲ್ಲಿ ಬರೆದದ್ದು: ಒಂದು ವಸ್ತುವನ್ನು ಮತ್ತೆ ಮತ್ತೆ ನೋಡಿದರೆ ಸಾಕು, ಅದು ನಮಗೆ ಹಿಡಿಸತೊಡಗುತ್ತದೆ. ಊಟದಲ್ಲೂ ಇದು ಕೆಲಸ ಮಾಡುತ್ತದೆ. ಮಕ್ಕಳು ಹೊಸ ರುಚಿ ಒಪ್ಪಲು ಎಂಟು ಹತ್ತು ಸಲವಾದರೂ ಬೇಕಾಗುತ್ತದೆ. ನೀವು ಮೊದಲ ಸಲ ಕುಡಿದ ಕಾಫಿ ನೆನಪಿದೆಯಾ? ಕಹಿ ಅಂತ ಮುಖ ಕಿವುಚಿರುತ್ತೀರಿ. ಈಗ ಡಿಕಾಕ್ಷನ್ ತೆಳ್ಳಗಾದರೆ ಮನೆಯಲ್ಲಿ ಜಗಳ. ಆದರೆ ಒಂದು ಷರತ್ತಿದೆ. ಮೊದಲ ಸಲವೇ ವಾಕರಿಕೆ ಬಂದ ರೂಪದಲ್ಲಿ ಅದನ್ನೇ ದಿನಾ ತಿಂದರೆ ಇಷ್ಟವಾಗುವುದಿಲ್ಲ, ದ್ವೇಷ ಗಟ್ಟಿಯಾಗುತ್ತದೆ. ಹಾಗಾಗಿ ರೂಪ ಬದಲಿಸಿ, ಪ್ರಮಾಣ ಕಡಿಮೆ ಮಾಡಿ. ಹುರಿದು ಪುಡಿ ಮಾಡಿದ ಓಟ್ಸನ್ನು ರವೆ ಇಡ್ಲಿ ಹಿಟ್ಟಿಗೆ ಕಾಲು ಭಾಗ ಸೇರಿಸಿ ಶುರು ಮಾಡಿ.

ಇಷ್ಟಾದರೂ ಬೇಡ ಅಂದರೆ? ಬಿಟ್ಟುಬಿಡಿ. ಒತ್ತಾಯ ಏನಿದೆ!

ಕೊಲೆಸ್ಟ್ರಾಲ್‌ಗಾಗಿ ತಿನ್ನುತ್ತಿದ್ದರೆ ಜವೆಗೋಧಿ ನೋಡಿ, ಅದೇ ಬಾರ್ಲಿ. ಅದರಲ್ಲೂ ಇದೇ ಬೀಟಾ ಗ್ಲೂಕನ್ ಇದೆ. ಸುಮ್ನೆ ನೀರು ಕುದಿಸಿ ಸೋಸಿ ಕುಡಿಯಬೇಡಿ, ಕಾಳೂ ತಿನ್ನಿ. ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನ ನಿಲ್ಲಿಸಬೇಡಿ. ರಾಗಿಯಲ್ಲಿ ಈ ನಾರು ಇಷ್ಟು ಇಲ್ಲ, ಅದನ್ನ ಒಪ್ಪಿಕೊಳ್ಳೋಣ. ರಾಗಿಯ ಬಲ ಬೇರೆ. ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಓಟ್ಸಿನಲ್ಲಿ ಐವತ್ತರ ಆಸುಪಾಸು. ಇನ್ನೊಂದು, ರಾಗಿಯ ಸಿಪ್ಪೆ ಒಳಗಿನ ಮೆತ್ತನೆ ತಿರುಳಿಗೆ ಎಷ್ಟು ಅಂಟಿಕೊಂಡಿದೆ ಅಂದರೆ ಅಕ್ಕಿ ಪಾಲಿಶ್ ಮಾಡಿದ ಹಾಗೆ ಸುಲಭವಾಗಿ ಮಾಡಲು ಬರುವುದಿಲ್ಲ. ಹಾಗಾಗಿ ಸಿಪ್ಪೆ ಸಮೇತವೇ ಹಿಟ್ಟಾಗುತ್ತದೆ. ನವಣೆ, ಸಾಮೆಗೆ ಆ ಅದೃಷ್ಟ ಇಲ್ಲ. ಬೆಳ್ಳಗೆ ಹೊಳೆಯುತ್ತಿದ್ದರೆ ತರಬೇಡಿ, ಸ್ವಲ್ಪ ಮಾಸಲು ಬಣ್ಣದ್ದೇ ತನ್ನಿ. ಜೋಳದ ನುಚ್ಚು ಮಜ್ಜಿಗೆ ಇನ್ನೊಂದು ವಿಡಿಯೋ, ಅದರ ಬಗ್ಗೆ ಹೇಳಲು ತುಂಬಾ ಇದೆ.

"ಓಟ್ಸ್ ಪರದೇಶದ್ದು, ರಾಗಿ ನಮ್ಮದು" ಅನ್ನುವ ವಾದಕ್ಕೂ ಒಂದು ಮಾತು. ರಾಗಿಯೂ ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದಿಂದ ಬಂದದ್ದೇ. ಮಂಡ್ಯದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ತಂದ ತಳಿಗೆ ಇಂಡಾಫ್ ಅಂತ ಹೆಸರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಲ್ಲೇ ಇವೆ.

ಕೊನೆಯದಾಗಿ, ಬೆಳಿಗ್ಗೆ ಒಲೆ ಹಚ್ಚಲೂ ಪುರುಸೊತ್ತಿಲ್ಲದವರಿಗೆ.

[ಸ್ಟೀಲ್ ಡಬ್ಬಿ ತೆರೆಯುತ್ತಾನೆ.]

ರಾಗಿ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಇಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ, ಬೀಸಿದ ಹಿಟ್ಟು. ಆಗಲೇ ಬೆಂದಿದೆ, ಕುದಿಸುವುದೇ ಬೇಡ. ಹಾಲು, ಚೂರು ಬೆಲ್ಲ, ಕಾಯಿತುರಿ ಹಾಕಿ ಕಲಸಿದರೆ ಆಯಿತು. ಡಬ್ಬಿಯಿಂದ ಬಟ್ಟಲಿಗೆ ಬರಲು ಒಂದು ನಿಮಿಷ. ಬೆಲ್ಲ ಮಾತ್ರ ಚೂರು ಅಂದರೆ ಚೂರೇ, ಅಜ್ಜಿ ಕೈಯಲ್ಲಿ ಅಳತೆ ಮಾಡಿಸಬೇಡಿ.

ನಿಮ್ಮ ಕಡೆ ಇದಕ್ಕೆ ಇನ್ನೇನು ಸೇರಿಸುತ್ತಾರೆ? ಬಾಳೆಹಣ್ಣಾ, ಮಜ್ಜಿಗೆನಾ, ಉಪ್ಪು ಖಾರನಾ? ಕೆಳಗೆ ಬರೆಯಿರಿ. ಆ ಓಟ್ಸ್ ಪ್ರಶ್ನೆ ಕೇಳಿದ ಸರ್, ಒಗ್ಗರಣೆ ಹಾಕಿ ನೋಡಿ, ಐದನೇ ದಿನ ಏನಾಯಿತು ಅಂತ ನೀವೇ ಬಂದು ಹೇಳಬೇಕು.