ಕನ್ಯಾಕುಮಾರಿ ಬದಲು ಮಾಮನ ಹೊಲ

ಎಲ್ಲರಿಗೂ ಶರಣು. ಕಲಬುರಗಿಯಿಂದ ಮಾತಾಡುತ್ತಿದ್ದೇನೆ.

ಈ ಬಾಟಲಿ ನೋಡಿ. ಎರಡು ಲೀಟರಿನ ಸ್ಟೀಲ್ ಬಾಟಲಿ. ಹೋದ ಡಿಸೆಂಬರಿನಲ್ಲಿ ನಮ್ಮವ್ವ ಇದನ್ನು ಚೆನ್ನಾಗಿ ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟಿದ್ದಳು. ಕನ್ಯಾಕುಮಾರಿಯಿಂದ ಸಮುದ್ರದ ನೀರು ತರಬೇಕಿತ್ತು. ಪಕ್ಕದ ಮನೆ ಕಾಕು ದೇವರ ಜಗಲಿ ಮೇಲೆ ಇಡೋಕೆ ಬೇಕು ಅಂದಿದ್ದರು.

ಅವ್ವನಿಗೆ ಈಗ 63. ಸಮುದ್ರ ನೋಡಿಯೇ ಇಲ್ಲ. ನಮಗೆ ದೊಡ್ಡ ನೀರು ಅಂದರೆ ಭೀಮಾ ನದಿ, ಊರೊಳಗೆ ಅಪ್ಪನ ಕೆರೆ. ಅಷ್ಟೇ. 27ನೇ ತಾರೀಖಿಗೆ ರೈಲು. ಟಿಕೆಟ್ ಆಗಿತ್ತು, ರೂಮಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. 16ರ ಬೆಳಿಗ್ಗೆ ಅಂಗಳ ತೊಳೆಯುವಾಗ ಅವ್ವ ಜಾರಿ ಬಿದ್ದಳು. ಶಹಾಬಾದ್ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಒದ್ದೆಯಾದರೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪಾದದ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್.

ಮಾತಾಡಿಸೋಕೆ ಬಂದವರೆಲ್ಲ ಒಂದೇ ಮಾತು ಹೇಳಿದರು. "ಎಲ್ಲಾ ಒಳ್ಳೇದಕ್ಕೇ ಆಗ್ತದ ಬಿಡು. ದೇವರು ಇನ್ನೇನೋ ದೊಡ್ಡದು ತಪ್ಪಿಸ್ಯಾನ." ಪ್ರೀತಿಯಿಂದಲೇ ಹೇಳಿದರು, ಗೊತ್ತು. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಅವ್ವ ಬಿದ್ದಿದ್ದು ಒಳ್ಳೆಯದಕ್ಕೆ ಅಂತ ನಾನು ಹೇಗೆ ಹೇಳಲಿ? ಬೇಜಾರಾದವರ ಬಾಯಿ ಮುಚ್ಚಿಸುವ ಮಾತದು. ಅವ್ವ ಎಲ್ಲರಿಗೂ ಹೂಂ ಹೂಂ ಅಂದಳು. ರಾತ್ರಿ ಎಲ್ಲರೂ ಹೋದ ಮೇಲೆ ನನಗೆ ಅಂದಳು: "ಆ ಬಾಟಲಿ ಒಳಗಿಡು. ಕಣ್ಣಿಗೆ ಬೀಳ್ತದ."

ನಾಲ್ಕೈದು ದಿನ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಆಮೇಲೆ ಜೇವರ್ಗಿ ಕಡೆಯ ನಮ್ಮ ಸೋದರಮಾವನ ಫೋನ್ ಬಂತು. "ಅಕ್ಕಾ, ಹೆಂಗೂ ಊರಾಗೇ ಇದ್ದಿ. ಅಮಾಸಿಗಿ ಹೊಲಕ್ಕ ಬಾ."

ಎಳ್ಳಮಾವಾಸ್ಯೆ 2024ರ ಡಿಸೆಂಬರ್ 30ಕ್ಕೆ ಬಂದಿತ್ತು, ಸೋಮವಾರ. ಬೆಂಗಳೂರು, ಮೈಸೂರು ಕಡೆಯವರಿಗೆ ಈ ಹಬ್ಬದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಪೇಟೆ ಬೀದಿ ಖಾಲಿ ಖಾಲಿ. ಆ ಹೊತ್ತಿಗೆ ಬಿಳಿಜೋಳ ಹೊಡೆಗೆ ಬಂದಿರುತ್ತದೆ, ಅಂದರೆ ತೆನೆ ಇನ್ನೂ ಹೊಟ್ಟೆಯೊಳಗೇ ಇರುತ್ತದೆ. ಭೂಮಿತಾಯಿ ಬಸುರಿ ಅಂತ ನಮ್ಮವರ ನಂಬಿಕೆ. ಬಸುರಿಗೆ ಬಯಕೆ ಊಟ ಬೇಕಲ್ವಾ? ಅದನ್ನೇ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಸಜ್ಜಿ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಹಸಿ ಕಾಳು ಸೊಪ್ಪು ಎಲ್ಲ ಹಾಕಿ ಕುದಿಸಿದ ಭಜ್ಜಿ, ಮಜ್ಜಿಗೆ ಬೆರೆಸಿದ ಅಂಬಲಿ.

ಹಿಂದಿನ ರಾತ್ರಿ ಅವ್ವ ಮಂಚದ ಮೇಲೆ ಕಾಲು ಚಾಚಿಕೊಂಡೇ ನೂರು ಕಡುಬು ತಟ್ಟಿದಳು. ಬಿದ್ದ ಮೇಲೆ ಅವಳ ಗಟ್ಟಿ ದನಿ ಕೇಳಿದ್ದು ಅವತ್ತೇ. ಉಪ್ಪು ನೋಡು, ಒಲೆ ಸಣ್ಣ ಮಾಡು ಅಂತ ನನ್ನನ್ನು ಒಂದು ಕ್ಷಣ ಕೂರೋಕೆ ಬಿಡಲಿಲ್ಲ.

ಹೊಲಕ್ಕೆ ಹೋದಾಗ ನಾನು ಮೊದಲು ನೋಡಿದ್ದು ತೊಗರಿ. ಎರೆಭೂಮಿಯಲ್ಲಿ ಜೋಳ, ಕಡಲೆ ಹಸಿರಾಗಿದ್ದವು. ತೊಗರಿ ಮಾತ್ರ ಸಾಲಿಗೆ ಸಾಲೇ ನಿಂತಲ್ಲೇ ಒಣಗಿತ್ತು. ನೆಟೆ ರೋಗ. ಮಾಮ ಕುಡುಗೋಲಿನಿಂದ ಒಂದು ಕಾಂಡ ಸೀಳಿ ತೋರಿಸಿದರು. ಒಳಗೆ ಉದ್ದಕ್ಕೂ ಕಪ್ಪು ಗೆರೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ದಾರಿ ಕಟ್ಟಿಬಿಡುತ್ತದೆ. ಹೂ ಬಿಡುವವರೆಗೂ ಗಿಡ ಚೆನ್ನಾಗೇ ಇತ್ತಂತೆ. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಾಗ ಎಷ್ಟು ಹೆಮ್ಮೆಪಟ್ಟಿದ್ದೆವು! ಆ ತೊಗರಿಯ ಹಿಂದೆ ಇಂಥ ವರ್ಷಗಳೂ ಇವೆ.

ಐದು ಕಲ್ಲಿಟ್ಟು ಪಾಂಡವರ ಪೂಜೆ ಆಯಿತು. ಆಮೇಲೆ ಚರಗ. ತಂದ ಅಡುಗೆಯನ್ನೆಲ್ಲ ಕಲಸಿ, ನಾವು ಉಣ್ಣುವ ಮೊದಲು ಹೊಲದ ತುಂಬ ಚೆಲ್ಲುವುದು. ಮಾಮ ಬುಟ್ಟಿ ಹಿಡಿದು ಜೋಳದ ಸುತ್ತ ಚೆಲ್ಲಿದರು, ಕಡಲೆಗೆ ಚೆಲ್ಲಿದರು. ಆಮೇಲೆ ಆ ಒಣಗಿದ ತೊಗರಿ ಸಾಲಿಗೂ ಹೋಗಿ ಅಷ್ಟೇ ಕೈತುಂಬ ಚೆಲ್ಲಿದರು.

"ಮಾಮಾ, ಇಲ್ಲಿ ಏನೂ ಬರಲಿಲ್ಲಲ್ಲ?" ಅಂದೆ.

"ಇಷ್ಟು ವರ್ಷ ಉಣಿಸ್ಯಾಳ. ಈ ವರ್ಷ ಆಕಿಗಿ ಆಗಲಿಲ್ಲ. ಅಂತ ಬಿಡ್ಲಾಕ ಆಗ್ತದೇನು?"

ನಾನು ಇವತ್ತು ಹೇಳಬೇಕು ಅಂತ ಕೂತಿದ್ದು ಇದನ್ನೇ. ಬಂದದ್ದಕ್ಕೆ ಲೆಕ್ಕ ಹಾಕಿ ಥ್ಯಾಂಕ್ಸ್ ಹೇಳೋದನ್ನು ನಾವು ಕೃತಜ್ಞತೆ ಅಂದುಕೊಂಡಿದ್ದೇವೆ. ಪ್ಲಾನ್ ಕೈಕೊಟ್ಟರೆ ಲೆಕ್ಕ ತಪ್ಪುತ್ತದೆ, ಆಗ "ಒಳ್ಳೇದಕ್ಕೇ ಆಯ್ತು" ಅಂತ ಒಂದು ಕಾರಣ ಹುಡುಕಿ ಲೆಕ್ಕ ಸರಿ ಮಾಡುತ್ತೇವೆ. ಮಾಮ ಯಾವ ಕಾರಣವನ್ನೂ ಹುಡುಕಲಿಲ್ಲ. ನಷ್ಟವನ್ನು ನಷ್ಟ ಅಂತಲೇ ಕಾಂಡ ಸೀಳಿ ತೋರಿಸಿದರು. ಅದೇ ಕೈಯಿಂದ ಅನ್ನ ಚೆಲ್ಲಿದರು. ನನಗೆ ಗೊತ್ತಿರುವ ನಂಬಿಕೆಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ನಮ್ಮ ಕಲಬುರಗಿಯ ಶರಣರು ಶರಣಬಸವಪ್ಪನವರ ಕಥೆ ಇದೆಯಲ್ಲ. ಹೊಲ ಕಾಯೋಕೆ ಹೋಗಿ, ಜೋಳ ತಿನ್ನೋಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವಕ್ಕೆ ಕುಡಿಯೋಕೆ ನೀರೂ ಇಟ್ಟರು ಅನ್ನುವ ಕಥೆ. ಆ ವರ್ಷವೂ ರಾಶಿ ಭರ್ತಿ ಬಂತು ಅಂತ ಎಲ್ಲರೂ ಕಥೆಯ ಕೊನೆಯನ್ನೇ ಒತ್ತಿ ಹೇಳುತ್ತಾರೆ. ನನಗೆ ಮುಖ್ಯ ಅನಿಸೋದು ಆ ನೀರಿಟ್ಟ ಗಳಿಗೆ. ಆಗ ರಾಶಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಹೊಲದ ಊಟ ಕನ್ಯಾಕುಮಾರಿಗಿಂತ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅವ್ವನಿಗೆ ಸಮುದ್ರ ನೋಡುವ ಆಸೆ ಹಾಗೇ ಇದೆ. ಮಾಮನ ಸಾಲವೂ ಹಾಗೇ ಇದೆ. ನಿಮ್ಮದೂ ಏನಾದರೂ ರದ್ದಾಗಿದ್ದರೆ, ಮದುವೆಯೋ, ಜಾತ್ರೆಯೋ, ಮಕ್ಕಳು ಊರಿಗೆ ಬರೋದೋ, ಮೊದಲು ಬೇಜಾರು ಮಾಡಿಕೊಳ್ಳಿ. ಅದು ನಂಬಿಕೆ ಇಲ್ಲದ ಲಕ್ಷಣ ಅಲ್ಲ. ಆದರೆ ಆ ದಿನದ ಬುತ್ತಿ ಮಾತ್ರ ಕಟ್ಟಿ. ಯಾರಿಗಾದರೂ ಉಣಿಸಿ.

ಅವತ್ತು ಗಡಿಬಿಡಿಯಲ್ಲಿ ಅಂಬಲಿಯನ್ನು ನಾನು ಇದೇ ಬಾಟಲಿಗೆ ತುಂಬಿದ್ದೆ. ಹೊಲದಲ್ಲಿ ತೆಗೆದಾಗ ಅವ್ವ ನೋಡಿದಳು. ಒಂದು ಗಳಿಗೆ ಸುಮ್ನೆ ಕೂತಳು. ಆಮೇಲೆ ತಾನೇ ಮುಚ್ಚಳ ತಿರುಗಿಸಿ ಮೊದಲ ಲೋಟ ತನ್ನ ತಮ್ಮನಿಗೆ ಕೊಟ್ಟಳು.

ಮೊನ್ನೆ ಪ್ಲಾಸ್ಟರ್ ತೆಗೆದರು. ಅವ್ವ ಗೋಡೆ ಹಿಡಿದು ನಡೆಯುತ್ತಾಳೆ. ನಿನ್ನೆ ಬಾಟಲಿಯನ್ನು ಮತ್ತೆ ತಿಕ್ಕಿ ಬಿಸಿಲಿಗೆ ಇಟ್ಟಿದ್ದಳು. ಮುಚ್ಚಳದ ರಬ್ಬರಿನಲ್ಲಿ ಮಜ್ಜಿಗೆ ವಾಸನೆ ಇನ್ನೂ ಹೋಗಿಲ್ಲ.