ಸಿನಿಮಾ ನೋಡಿ ಬಂದವರ ಮಾತು

(ಕೋಲಾರದ ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮಾನ್ಯರೇ,

ಚಿತ್ರಮಂದಿರದಿಂದ ಹೊರಗೆ ಬಂದವರನ್ನು ನಮ್ಮ ಊರುಗಳಲ್ಲಿ ಕೇಳುವ ಪ್ರಶ್ನೆ ಒಂದೇ: "ಹೆಂಗೈತೆ?" ಅದಕ್ಕೆ ಸಿಗುವ ಉತ್ತರಗಳನ್ನೂ ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಚೆನ್ನಾಗೈತೆ, ಸುಮಾರಾಗೈತೆ, ಪರವಾಗಿಲ್ಲ, ಒಂದು ಸಲ ನೋಡಬೋದು. ಸಿನಿಮಾವನ್ನು ಅಭ್ಯಾಸ ಮಾಡುವವರು ಈ ಉತ್ತರಗಳನ್ನು ಅಭಿಪ್ರಾಯವೆಂದೇ ಎಣಿಸುವುದಿಲ್ಲ. ಕೋಲಾರ, ಮುಳಬಾಗಿಲು, ಬಂಗಾರಪೇಟೆಗಳ ನಡುವೆ ಓಡಾಡುವಾಗ ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಕಿವಿಗೆ ಬಿದ್ದ ಇಂಥ ಮಾತುಗಳನ್ನು ನಾನು ಹಲವು ವರ್ಷಗಳಿಂದ ಬರೆದಿಟ್ಟುಕೊಂಡಿದ್ದೇನೆ. ಸಿನಿಮಾ ನೋಡುವುದನ್ನು ವೃತ್ತಿಯನ್ನಾಗಲಿ ವ್ಯಸನವನ್ನಾಗಲಿ ಮಾಡಿಕೊಳ್ಳದೆ, ಬಿಡುವಾದಾಗ ಹೋಗಿ ಬರುವ ಜನರ ಮಾತುಗಳಿವು. ಇವನ್ನು ತೀರ್ಪು ಎಂದು ಕೇಳಿದರೆ ನಮಗೆ ಹೆಚ್ಚೇನೂ ಸಿಗುವುದಿಲ್ಲ, ಸಾಕ್ಷಿ ಎಂದು ಕೇಳಿದರೆ ಬಹಳ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಇಂದು ನಾನು ಹೇಳಬೇಕೆಂದಿರುವುದು ಅದನ್ನೇ.

ಮೊದಲಿಗೆ "ಪರವಾಗಿಲ್ಲ" ಎಂಬ ಮಾತನ್ನು ನೋಡೋಣ. ಪಾರಸಿಯಿಂದ ಉರ್ದುವಿನ ದಾರಿಯಲ್ಲಿ ನಮ್ಮ ಭಾಷೆಗೆ ಬಂದ "ಪರವಾ" ಎಂಬ ಪದಕ್ಕೆ ಚಿಂತೆ, ಲಕ್ಷ್ಯ ಎಂಬ ಅರ್ಥಗಳಿವೆ. ಪರವಾ ಇಲ್ಲ ಎಂದರೆ ಚಿಂತೆಪಡುವಂಥದ್ದೇನೂ ಆಗಿಲ್ಲ ಎಂದಾಯಿತು. ದಿನದ ಕೂಲಿ ಬಿಟ್ಟು ಸಂಸಾರ ಸಮೇತ ಸಿನಿಮಾಕ್ಕೆ ಹೋದವನು ಈ ಮಾತು ಆಡಿದಾಗ, ತಾನು ಕೊಟ್ಟ ಹಣಕ್ಕೂ ಕಳೆದ ಹೊತ್ತಿಗೂ ಲೆಕ್ಕ ಸರಿಹೋಯಿತು ಎಂದು ವರದಿ ಒಪ್ಪಿಸುತ್ತಿದ್ದಾನೆ. ಟಿಕೆಟ್ಟಿನ ಬೆಲೆ ಏರಿದಂತೆಲ್ಲ ಈ ಲೆಕ್ಕವೂ ಕಠಿಣವಾಗುತ್ತದೆ. 2025ರಲ್ಲಿ ರಾಜ್ಯ ಸರ್ಕಾರವು ತೆರಿಗೆ ಬಿಟ್ಟು 200 ರೂಪಾಯಿಯ ಮಿತಿಯನ್ನು ಗೊತ್ತುಮಾಡಿದಾಗ, ಹೈಕೋರ್ಟು ಅದಕ್ಕೆ ತಡೆ ಕೊಟ್ಟಾಗ, ಊರೂರಲ್ಲಿ ನಡೆದ ಚರ್ಚೆಯ ಹಿಂದೆ ಇದ್ದದ್ದು ಈ "ಪರವಾಗಿಲ್ಲ"ದ ಲೆಕ್ಕವೇ. ಅದೇ ಪದವನ್ನು ನಡುವೆ ಎಳೆದು, ತುಸು ತಲೆದೂಗಿ ಹೇಳಿದರೆ ಅರ್ಥ ಬೇರೆ: ಇಷ್ಟನ್ನು ನಿರೀಕ್ಷಿಸಿರಲಿಲ್ಲ, ಚೆನ್ನಾಗಿಯೇ ಮಾಡಿದ್ದಾರೆ ಎಂದು. ಬರಹಕ್ಕೆ ಇಳಿಸಿದಾಗ ಈ ಎಳೆತ ಕಳೆದುಹೋಗುತ್ತದೆ.

ಇನ್ನೊಂದು ಮಾತು "ಫಸ್ಟ್ ಹಾಫ್, ಸೆಕೆಂಡ್ ಹಾಫ್". ನಮ್ಮ ಪ್ರೇಕ್ಷಕ ಸಿನಿಮಾವನ್ನು ಎರಡು ತುಂಡು ಮಾಡಿ ಅಳೆಯುತ್ತಾನೆಂದು ದೂರುವವರುಂಟು. ಆದರೆ ನಮ್ಮ ಚಿತ್ರಕಥೆಗಳನ್ನು ಬರೆಯುವುದೇ ವಿರಾಮವನ್ನು ಕಣ್ಣ ಮುಂದಿಟ್ಟುಕೊಂಡು. ಕಥೆಯ ಗಂಟನ್ನು ಅಲ್ಲಿ ಬಿಗಿದು, ಜನರನ್ನು ಕಡಲೆಕಾಯಿ ಕೊಳ್ಳಲು ಕಳಿಸಿ, ಮತ್ತೆ ಒಳಗೆ ಕರೆದುಕೊಳ್ಳುವುದು ಇಲ್ಲಿನ ಕಟ್ಟಡದ ಕ್ರಮ. "ಇಂಟರ್ವಲ್ ತನಕ ಗೊತ್ತೇ ಆಗಲ್ಲ, ಆಮೇಲೆ ಎಳೆದವ್ರೆ" ಎಂದು ಹೇಳುವವನು ಆ ಕಟ್ಟಡ ಎಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತಿದ್ದಾನೆ.

ಪ್ರೇಕ್ಷಕನ ಸಾಕ್ಷಿಗೆ ಬೆಲೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ "ಸಿದ್ಧಿ"ಯನ್ನು, ಎಂದರೆ ಪ್ರಯೋಗ ಗೆದ್ದಿತೇ ಸೋತಿತೇ ಎಂಬುದನ್ನು, ಕುರಿತೇ ಒಂದು ಅಧ್ಯಾಯವಿದೆ. ಅಲ್ಲಿ ಗೆಲುವಿನ ಗುರುತುಗಳನ್ನು ಹುಡುಕಿರುವುದು ಸಭೆಯಲ್ಲಿ. ಜನ ಮುಗುಳ್ನಕ್ಕರೇ, ಅರೆನಗೆ ನಕ್ಕರೇ, ಗಟ್ಟಿಯಾಗಿ ನಕ್ಕರೇ. "ಸಾಧು" ಎಂದರೇ, "ಅಹೋ" ಎಂದರೇ, ಕರುಣೆಯ ಜಾಗದಲ್ಲಿ "ಕಷ್ಟಂ" ಎಂದರೇ. ಮೈ ನವಿರೆದ್ದಿತೇ, ಕೂತಲ್ಲಿಂದ ಎದ್ದರೇ, ಹೊದ್ದ ಬಟ್ಟೆಯನ್ನು ನಟರತ್ತ ಎಸೆದರೇ. ಇವೆಲ್ಲ ಮಾನುಷೀ ಸಿದ್ಧಿ. ಸದ್ದಿಲ್ಲದೆ, ಕಲಕಾಟವಿಲ್ಲದೆ, ಉತ್ಪಾತವಿಲ್ಲದೆ ರಂಗಮಂದಿರ ತುಂಬಿ ಕೂತಿದ್ದರೆ ಅದು ದೈವೀ ಸಿದ್ಧಿ. ನಾನು ಚಿಕ್ಕಂದಿನಲ್ಲಿ ಟೆಂಟಿನಲ್ಲಿ, ನೆಲದ ಮೇಲೆ ಮರಳು ಗುಡ್ಡೆ ಮಾಡಿಕೊಂಡು ಕೂತು ಸಿನಿಮಾ ನೋಡಿದವನು. ವೆಂಕಟೇಶನ ಹಾಡು ಹಾಕಿದರೆ ಆಟ ಶುರುವಾಗುತ್ತದೆಂದು ಊರಿಗೆಲ್ಲ ತಿಳಿಯುತ್ತಿತ್ತು. ಆ ಟೆಂಟಿನಲ್ಲಿ ಸಿಳ್ಳೆಯನ್ನೂ ಕೇಳಿದ್ದೇನೆ, ಕೈಗೂಸುಗಳು ಕೂಡ ಅಳು ನಿಲ್ಲಿಸಿದಂಥ ನಿಶ್ಶಬ್ದವನ್ನೂ ಕೇಳಿದ್ದೇನೆ. ಭರತನ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಮರಳು.

ಸಾಕ್ಷಿ ಎಂಬ ಪದವನ್ನು ನಾನು ಯಾಕೆ ಹಿಡಿದುಕೊಂಡಿದ್ದೇನೆ ಎಂಬುದನ್ನು ಎರಡು ಸಿನಿಮಾಗಳ ಮೂಲಕ ವಿವರಿಸುತ್ತೇನೆ.

ಮುಳಬಾಗಿಲಿನಲ್ಲಿ ಹುಟ್ಟಿದ ಸೌಂದರ್ಯ ಅವರು ನಿರ್ಮಿಸಿ, ನಾಗಿಯ ಪಾತ್ರದಲ್ಲಿ ನಟಿಸಿ, ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ "ದ್ವೀಪ" ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿದ್ದು. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದಿದೆ. ಅಣೆಕಟ್ಟಿನ ಹಿನ್ನೀರು ಏರಿ ಊರು ಮುಳುಗುವಾಗ, ಗುಡ್ಡದ ಮೇಲೆ ಉಳಿದ ಒಂದು ಕುಟುಂಬದ ಕಥೆ ಅದು. ತೆರೆಯ ತುಂಬ ಮಳೆ. ಈಚೆಗೆ ನಮ್ಮ ಬೀದಿಯ ಒಂದು ಮನೆಯಲ್ಲಿ ಏಳೆಂಟು ಮಂದಿ ಸೇರಿ ಅದನ್ನು ನೋಡಿದೆವು. ಮುಗಿದ ಮೇಲೆ, ಕೃಷಿ ಮಾಡುವ ಹೆಂಗಸೊಬ್ಬರು ಆಡಿದ ಮೊದಲ ಮಾತು ಇದು: "ನೀರು ಬೇಡ ಅಂತ ಅಳೋರೂ ಇದಾರಲ್ಲ, ನಂಗೆ ಅದೇ ತಲೆಗೆ ಹೋಗಲಿಲ್ಲ." ಈ ಮಾತನ್ನು ಚಿತ್ರ ಅರ್ಥವಾಗದವರ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಎಲ್ಲಿ ನಿಂತು ನೋಡಿದರೆಂಬುದನ್ನು ಯೋಚಿಸಿ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆದರೂ ಬರೀ ಧೂಳು ಬಂದ ಕೊಳವೆಬಾವಿಗಳು ಇಲ್ಲಿ ಊರಿಗೆ ಹತ್ತಾರಿವೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಆ ನೀರಿನ ಗುಣದ ಬಗ್ಗೆ ಆತಂಕಪಟ್ಟವರು ಕೂಡ ಕೆರೆ ತುಂಬಿದ ದಿನ ಏರಿಯ ಮೇಲೆ ಬಂದು ನಿಂತಿದ್ದರು. ಅಂಥ ನೆಲದವರಿಗೆ ನೀರು ಶತ್ರುವಾಗಿ ಕಾಣಬೇಕಾದರೆ ಹೊತ್ತು ಬೇಕಾಗುತ್ತದೆ. ಆ ಹೊತ್ತನ್ನು ಸಿನಿಮಾ ಆಕೆಯಿಂದ ತೆಗೆದುಕೊಂಡಿತು. ಸ್ವಲ್ಪ ತಡೆದು ಆಕೆ ಹೇಳಿದರು: "ರಾತ್ರಿಯೆಲ್ಲ ಒದ್ದಾಡಿ ಮನೆ ಉಳಿಸಿದ್ದು ಅವಳು. ಗಂಡ ದೇವರು ಕಾಪಾಡಿದ ಅಂದ. ಅದು ಮಾತ್ರ ನಮ್ಮೂರಿನದೇ." ಆ ಚಿತ್ರದ ತಿರುಳನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಎರಡನೆಯದು, ಪ್ರಶಾಂತ್ ನೀಲ್ ಅವರ "ಕೆ.ಜಿ.ಎಫ್.". ಮೊದಲ ಭಾಗ 2018ರ ಡಿಸೆಂಬರ್ 21ರಂದು, ಎರಡನೆಯದು 2022ರ ಏಪ್ರಿಲ್ 14ರಂದು ತೆರೆಕಂಡವು. ನಮ್ಮ ಜಿಲ್ಲೆಯ ಊರಿನ ಹೆಸರು ಹೊತ್ತ ಸಿನಿಮಾ ದೇಶವೆಲ್ಲ ಓಡಿತು. ಓದಿದವರ ಆಕ್ಷೇಪ ಇತಿಹಾಸದ ಬಗ್ಗೆ ಇತ್ತು. ಜಾನ್ ಟೇಲರ್ ಕಂಪನಿ ಇಲ್ಲಿ 1880ರಲ್ಲೇ ಚಿನ್ನದ ಗಣಿ ಕೆಲಸ ಆರಂಭಿಸಿತ್ತು, 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂದಿತ್ತು, ಚಿತ್ರ ಹೇಳುವಂತೆ 1951ರಲ್ಲಿ ಚಿನ್ನ ಸಿಕ್ಕಿದ್ದಲ್ಲ ಎಂದು. ಚಿತ್ರ ತನ್ನನ್ನು ಕಲ್ಪನೆಯೆಂದೇ ಕರೆದುಕೊಂಡಿರುವುದರಿಂದ ಈ ಆಕ್ಷೇಪ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಗಣಿಯ ಕಾಲೊನಿಯಲ್ಲಿ ಬೆಳೆದ ಒಬ್ಬರನ್ನು ನಾನು ಅದೇ ಚಿತ್ರದ ಬಗ್ಗೆ ಕೇಳಿದೆ. ಅವರ ತಂದೆ ಭೂಮಿಯ ಒಳಗೆ ಇಳಿಯುತ್ತಿದ್ದವರು. ಅಲ್ಲಿಯ ಗಣಿಗಳಿಗೆ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳವಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರು ಹೀರೋನನ್ನು ಮೆಚ್ಚಿದರು, ಕ್ಯಾಮೆರಾವನ್ನು ಮೆಚ್ಚಿದರು, ಎರಡು ಸಲ ನೋಡಿದ್ದಾಗಿಯೂ ಹೇಳಿದರು. ಆಮೇಲೆ ಹೇಳಿದ್ದು: "ಧೂಳು ಕಾಣ್ತು ಸಾರ್, ಕೆಮ್ಮು ಕೇಳಿಸಲಿಲ್ಲ." ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೊಕ್ಕು ಬರುವ ಸಿಲಿಕೋಸಿಸ್ ಎಂಬ ಕಾಯಿಲೆ ಆ ಕಾಲೊನಿಗಳ ಮನೆಮನೆಯ ಮಾತಾಗಿತ್ತು. ರಾತ್ರಿಯೆಲ್ಲ ಪಕ್ಕದ ಕೋಣೆಯಿಂದ ಕೆಮ್ಮು ಕೇಳುತ್ತ ಬೆಳೆದ ಕಿವಿ, ಅಷ್ಟು ದೊಡ್ಡ ಸದ್ದಿನ ಸಿನಿಮಾದೊಳಗೆ ಇಲ್ಲದ ಒಂದು ಸಣ್ಣ ಸದ್ದನ್ನು ಹುಡುಕಿತು. ಇಸವಿಗಳ ತಪ್ಪನ್ನು ಯಾವ ಪುಸ್ತಕ ತೆರೆದರೂ ತೋರಿಸಬಹುದು. ಈ ಕೊರತೆಯನ್ನು ತೋರಿಸಲು ಅವರೇ ಬೇಕಿತ್ತು. ಅವರಿಗೆ ಚಿತ್ರ ಇಷ್ಟವಾಗಿತ್ತು ಎಂಬುದನ್ನು ಮತ್ತೆ ಹೇಳುತ್ತೇನೆ. ಇಷ್ಟಪಡುವುದು ಮತ್ತು ಕೊರತೆ ಕಾಣುವುದು ಒಬ್ಬರಲ್ಲೇ ಜಗಳವಿಲ್ಲದೆ ಇರಬಲ್ಲವು.

ನಮ್ಮ ಗಡಿಸೀಮೆಗೆ ಇನ್ನೊಂದು ಅನುಕೂಲವಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆ.ಜಿ.ಎಫ್. ಕಡೆ ಹೋದರೆ ತಮಿಳು, ಸಂತೆಯಲ್ಲಿ ಉರ್ದು. ಒಂದೇ ತಿಂಗಳಲ್ಲಿ ಮೂರು ಭಾಷೆಯ ಸಿನಿಮಾ ನೋಡಿದವರು ಹೋಲಿಸದೆ ಇರಲಾರರು, ಮತ್ತು ಅವರ ಹೋಲಿಕೆಗೆ ಭಾಷಾಭಿಮಾನದ ಪೂರ್ವಗ್ರಹ ಕಡಿಮೆ. 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡ್ ಅವರ "ಸು ಫ್ರಮ್ ಸೋ" ಕರಾವಳಿಯ ಕನ್ನಡವನ್ನು ಆಡುವ ಚಿತ್ರ. ದೊಡ್ಡ ತಾರೆಯರಿಲ್ಲದೆ ಬಾಯಿಂದ ಬಾಯಿಗೆ ಹರಡಿ ಗೆದ್ದಿತು. ಅದನ್ನು ನೋಡಿ ಬಂದ ಕಾಲೇಜು ಹುಡುಗನೊಬ್ಬ, "ಮೊದಲ ಹತ್ತು ನಿಮಿಷ ಅವರ ಮಾತು ಹತ್ತಲಿಲ್ಲ, ಆಮೇಲೆ ಅಲ್ಲಿರೋ ಒಬ್ಬೊಬ್ಬರೂ ನಮ್ಮೂರಲ್ಲಿ ಯಾರು ಅಂತ ಲೆಕ್ಕ ಹಾಕ್ತಾ ಕೂತೆ" ಎಂದ. ಚಿತ್ರ ಯಾಕೆ ಕರಾವಳಿಯನ್ನು ದಾಟಿ ಬಂತೆಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆ ನನಗೆ ಬೇಕಾಗಿಲ್ಲ.

ನೋಡುವ ಬಗೆ ಬದಲಾದಂತೆ ಅಭಿಪ್ರಾಯದ ಬಗೆಯೂ ಬದಲಾಗುತ್ತಿದೆ. ಮೊಬೈಲಿನಲ್ಲಿ ಮೂರು ರಾತ್ರಿ ಹಂಚಿಕೊಂಡು ಸಿನಿಮಾ ಮುಗಿಸಿದವರು "ನಿಧಾನ" ಎಂದರೆ ಆ ನಿಧಾನದಲ್ಲಿ ಚಿತ್ರದ ಪಾಲೆಷ್ಟು, ದಿನದ ದಣಿವಿನ ಪಾಲೆಷ್ಟು ಎಂದು ಬೇರೆ ಮಾಡುವುದು ಕಷ್ಟ. ಒಲೆಯ ಮುಂದೆ ನಿಂತು ಟಿವಿಯ ಮಾತಷ್ಟನ್ನೇ ಕೇಳಿಸಿಕೊಂಡ ತಾಯಂದಿರ ಅಭಿಪ್ರಾಯ ಸಂಭಾಷಣೆಯ ವಿಷಯದಲ್ಲಿ ಬಹಳ ನಿಖರವಾಗಿರುತ್ತದೆ. ನನ್ನ ತಾಯಿ ಹಾಗೆ ಕೇಳಿಯೇ, ಯಾವ ನಟಿಯ ಅಳು ನಿಜ, ಯಾವುದು ಕಂಠದಿಂದ ಮಾತ್ರ ಬಂದದ್ದು ಎಂದು ಹೇಳುತ್ತಿದ್ದರು.

ನನಗೆ ನಿಜವಾಗಿ ನೋವು ಕೊಡುವುದು ಅವಸರ. ಬೆಳಗಿನ ಆಟ ಮುಗಿಯುತ್ತಿದ್ದಂತೆಯೇ, ಚಿತ್ರಮಂದಿರದ ಬಾಗಿಲಲ್ಲಿ ಮೈಕು ಹಿಡಿದವರು ಹೊರಬಂದವರ ಬಾಯಿಂದ ಒಂದು ಪದ ಕೀಳುತ್ತಾರೆ: ಸೂಪರ್ ಅಥವಾ ವೇಸ್ಟ್. ಬೆಳಕಿಗೆ ಕಣ್ಣು ಹೊಂದಿಕೊಳ್ಳುವ ಮೊದಲೇ ತೀರ್ಪು ಕೊಡಬೇಕು. ಯಾರದೋ ಅಭಿಮಾನಿಗಳ ಗುಂಪು ಪಕ್ಕದಲ್ಲಿ ನಿಂತಿದ್ದರೆ ಆ ಒಂದು ಪದವೂ ಸ್ವಂತದ್ದಾಗಿರುವುದಿಲ್ಲ. ವರ್ಷಗಟ್ಟಲೆ ದುಡಿದು ಮಾಡಿದ ಚಿಕ್ಕ ಚಿತ್ರಗಳು ಶುಕ್ರವಾರ ಮಧ್ಯಾಹ್ನದೊಳಗೆ ಹೀಗೆ ಸಾಯುವುದನ್ನು ಕಂಡಿದ್ದೇನೆ. ಸೋಮವಾರದ ಹೊತ್ತಿಗೆ ಯಾರಾದರೂ ನಿಧಾನವಾಗಿ ನೆನೆದು "ಆ ಒಂದು ಜಾಗ ಮಾತ್ರ ಮನಸ್ಸಲ್ಲೇ ಕೂತೈತೆ" ಎನ್ನುವಾಗ ಆ ಚಿತ್ರ ಊರಲ್ಲಿರುವುದಿಲ್ಲ.

ಹೀಗಾಗಿ ನಾನು "ಹೆಂಗೈತೆ" ಎಂದು ಕೇಳುವುದನ್ನು ಬಿಟ್ಟು "ಯಾವ ಜಾಗದಲ್ಲಿ?" ಎಂದು ಕೇಳತೊಡಗಿದ್ದೇನೆ. ಯಾವ ಜಾಗದಲ್ಲಿ ಚೆನ್ನಾಗಿತ್ತು, ಯಾವ ಜಾಗದಲ್ಲಿ ಬೇಸರ ಬಂತು, ಯಾವ ಜಾಗದಲ್ಲಿ ಇದು ಸುಳ್ಳು ಅನ್ನಿಸಿತು. ಕಳೆದ ತಿಂಗಳು ಬಂಗಾರಪೇಟೆಯಿಂದ ಬರುವ ಬಸ್ಸಿನಲ್ಲಿ ಪಕ್ಕ ಕೂತವರು ಇಲ್ಲಿನ ಟೊಮೆಟೊ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರು. ಹಿಂದಿನ ದಿನ ನೋಡಿದ ಸಿನಿಮಾ "ಸುಮಾರಾಗೈತೆ" ಎಂದರು. ಯಾವ ಜಾಗದಲ್ಲಿ ಸುಮಾರು ಎಂದು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಕಥೆಯ ನಾಯಕ ಬಡವನಾಗಿದ್ದಾಗ ಮಂಡಿಯಲ್ಲಿ ಮೂಟೆ, ಬಾಕ್ಸು ಹೊರುವ ದೃಶ್ಯವನ್ನು ವಿವರಿಸಿ, ಎರಡೂ ಕೈ ಮುಂದೆ ಚಾಚಿ ತೋರಿಸುತ್ತ ಹೇಳಿದರು: "15 ಕೆಜಿ ಬಾಕ್ಸು ಬೆಳಗಿಂದ ಎತ್ತಿದೋನು ಹಂಗೆ ನೆಟ್ಟಗೆ ನಡೆಯಲ್ಲ ಸಾರ್. ಬಾಕ್ಸು ಇಳಿಸಿದ ಮೇಲೂ ಕೈ ಹಿಂಗೇ ಇರ್ತವೆ."