ಮಕ್ಕಳಿಗೆ ಈಜು ಕಡ್ಡಾಯ ಆಗಬೇಕಾ? ಒಂದು ಕೃಷಿ ಹೊಂಡದ ಪಕ್ಕ ನಿಂತು ನೋಡೋಣ

[ದೃಶ್ಯ: ಹೊಲದ ನಡುವೆ ಕೃಷಿ ಹೊಂಡ]

ನಮಸ್ಕಾರ. ಈ ಹೊಂಡ ನೋಡಿ. ಬಾಗಲಕೋಟೆ ಕಡೆಯ ಹೊಲಗಳಲ್ಲಿ ಇಂಥವು ಬೇಕಾದಷ್ಟಿವೆ. ಆಳ ಸಾಮಾನ್ಯವಾಗಿ 3 ಮೀಟರ್. ನೀರು ಇಂಗಬಾರದು ಅಂತ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ಅದರ ಮೇಲೆ ಪಾಚಿ ಕಟ್ಟಿದೆ.

[ದೃಶ್ಯ: ಒದ್ದೆ ಹಾಳೆಯ ಮೇಲೆ ಅಂಗೈ ಜಾರುತ್ತದೆ]

ನನ್ನ ಕೈಯೇ ನಿಲ್ತಿಲ್ಲ. ಎಂಟು ವರ್ಷದ ಮಗು ಏನು ಹಿಡ್ಕೊಂಡು ಮೇಲೆ ಬರಬೇಕು? ಕೂಗೋಕೂ ಆಗಲ್ಲ. ಬಾಯಿ ನೀರೊಳಗೆ ಹೋಗಿ ಬರ್ತಿರುತ್ತೆ, ಉಸಿರೆಳೆಯೋದೇ ಕಷ್ಟ. ಹತ್ತು ಹೆಜ್ಜೆ ಆಚೆ ಕಳೆ ತೆಗೀತಿರೋ ಅವ್ವನಿಗೂ ಗೊತ್ತಾಗದೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ಹೀಗೆ ಮುಳುಗಿ ಸತ್ತರು.

ಈಜು ಶಾಲೆಯಲ್ಲೇ ಕಡ್ಡಾಯ ಆಗಬೇಕಾ? ಆಗಲೇಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹರಿಯೋ ಜಿಲ್ಲೆ ಇದು. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯೊಳಗೇ ಬಂತು, ಅದಕ್ಕೇ ನವನಗರ ಕಟ್ಟಿದ್ದು.

ಮೊದಲೆಲ್ಲ ಬೇಸಿಗೆ ರಜೆ ಬಂತು ಅಂದ್ರೆ ಬಾವಿ. ಕಾಕಾ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿಸ್ತಿದ್ದರು. 'ಈಸು ಬೀಳೋದು' ಅಂತಿದ್ವಿ. ಹಗ್ಗದ ತುದಿ ಅವರ ಕೈಯಲ್ಲಿ. ಒಂದಿನ ಡಬ್ಬಿ ಇಲ್ಲದೇ ತೇಲ್ತಿರ್ತಿದ್ವಿ. ಈಗ ಎಷ್ಟೋ ಬಾವಿ ಬತ್ತಿವೆ. ಹೆಣ್ಣುಮಕ್ಕಳನ್ನಂತೂ ಆಗಲೂ ಇಳಿಸ್ತಿದ್ದುದು ಕಡಿಮೆ. ಬಟ್ಟೆ ಒಗೆಯೋಕೆ, ನೀರು ತರೋಕೆ ದಂಡೆಗೆ ಹೋಗೋರು ಅವರೇ ಜಾಸ್ತಿ ಅಲ್ವಾ? ಮನೆಯವರ ಇಷ್ಟಕ್ಕೆ ಬಿಟ್ಟರೆ ಅವರಿಗೆ ಈಜು ಸಿಗಲ್ಲ. ಕಡ್ಡಾಯ ಆಗಲಿ ಅನ್ನೋಕೆ ನನಗೆ ಇದೇ ದೊಡ್ಡ ಕಾರಣ.

'ಈಜುಕೊಳ ಎಲ್ಲಿಂದ ತರೋಣ?' ಅಂತ ಮಾಸ್ತರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಊರ ಕೊಳದಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ ಕಲಿಸ್ತಾರೆ. ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಪ್ರೈಮರಿ ಮುಗಿಯೋದರೊಳಗೆ 25 ಮೀಟರ್ ಈಜಬೇಕು ಅಂತಿದೆ. ನಮ್ಮ ಮಕ್ಕಳಿಗೆ ಮೊದಲು ಅಂಗಾತ ತೇಲೋದು ಬರಲಿ. ಗೆಳೆಯ ಮುಳುಗ್ತಿದ್ದರೆ ತಾನು ಹಾರಬಾರದು, ಹಗ್ಗ, ಸೀರೆ, ಖಾಲಿ ಕೊಡ ಎಸೀಬೇಕು ಅನ್ನೋದೂ ಬರಲಿ.

[ದೃಶ್ಯ: ದಂಡೆಯಲ್ಲಿ ಗೂಟ ಹೊಡೆಯುತ್ತಿರುವುದು]

ಈ ಹೊಂಡಕ್ಕೆ ಇವತ್ತೇ ಹಗ್ಗ ಇಳಿಬಿಡ್ತಿದ್ದೀವಿ. ಅಡಿಗೊಂದು ಗಂಟು, ಸಣ್ಣ ಕೈಗೂ ಸಿಗೋ ಹಾಗೆ.